ಭೀಮಾತೀರದ ಸಮಾಧಿಗೃಹಗಳು

ಮೃತರಿಗಾಗಿ ಕಟ್ಟಿದ ಯಾವ ಕಟ್ಟಡದ ಮುಂದೆ ನಿಂತರೂ, ಅದರ ಕಮಾನು ಎಂತಹುದು, ಶಿಖರ ಎಷ್ಟೆತ್ತರದ್ದು ಎಂದು ವಿಚಾರಿಸುವುದಕ್ಕೆ ಮೊದಲು, ಮೃತನು ಅದರೊಳಗೆ ನೆಲೆಸಿರುವನೋ ಅಥವಾ ಅದರ ಮೂಲಕ ಹಾದುಹೋದನೋ ಎಂಬುದನ್ನು ವಿಚಾರಿಸತಕ್ಕದ್ದು. ಗೋಡೆಯ ದಪ್ಪ, ಬಾಗಿಲುಗಳ ಸಂಖ್ಯೆ, ಬೆಳಕು ಬೀಳುವ ದಿಕ್ಕು, ಜನ ಕೂಡುವ ಅಂಗಳದ ವಿಸ್ತಾರ ಇವೆಲ್ಲವೂ ಆ ಒಂದು ಪ್ರಶ್ನೆಯ ಉತ್ತರವನ್ನು ಅನುಸರಿಸಿಯೇ ರೂಪುಗೊಳ್ಳುತ್ತವೆ. ವಿಕ್ಟೋರಿಯಾ ರಾಣಿಯ ಕಾಲದ ಇಂಗ್ಲೆಂಡಿನಲ್ಲಿ ಸ್ಮಶಾನಗಳ ನಡುವೆ ಎದ್ದ ಪ್ರಾರ್ಥನಾಮಂದಿರಗಳು ಈ ಪ್ರಶ್ನೆಗೆ ಒಂದು ಬಗೆಯ ಉತ್ತರವನ್ನು ಕೊಟ್ಟುವು. ಆಳಂದ, ಅಫಜಲಪುರ, ಜೇವರ್ಗಿ ಎಂಬ ನಮ್ಮ ಮೂರು ತಾಲ್ಲೂಕುಗಳೂ, ಅವುಗಳಿಗೆ ನೆರೆಯ ರಾಜಧಾನಿಯಾಗಿದ್ದ ಕಲಬುರಗಿಯೂ, ಅದಕ್ಕಿಂತ ಬಹು ಹಿಂದಿನಿಂದಲೇ ಬೇರೆ ಬಗೆಯ ಉತ್ತರಗಳನ್ನು ಕಲ್ಲಿನಲ್ಲಿ ಬರೆದಿಟ್ಟಿವೆ. ಈ ಎರಡನ್ನೂ ಒಟ್ಟಿಗೆ ಇಟ್ಟು ನೋಡಿದಲ್ಲದೆ ನಮ್ಮ ಗುಮ್ಮಟಗಳ ಮತ್ತು ಗದ್ದುಗೆಗಳ ವಾಸ್ತುವಿನ ವಿಶೇಷ ತಿಳಿಯಬಾರದೆಂದು ನನಗೆ ತೋರುತ್ತದೆ.

ಇಂಗ್ಲೆಂಡಿನ ಮಾತನ್ನು ಮೊದಲು ಮುಗಿಸೋಣ. ಅಲ್ಲಿ ಶತಮಾನಗಳವರೆಗೆ ಶವಗಳನ್ನು ಊರ ನಡುವಿನ ಇಗರ್ಜಿಯ ಅಂಗಳದಲ್ಲಿಯೇ ಹೂಳುತ್ತಿದ್ದರು. 1801ರಲ್ಲಿ ಹತ್ತು ಲಕ್ಷದ ಸಮೀಪದಲ್ಲಿದ್ದ ಲಂಡನ್ನಿನ ಜನಸಂಖ್ಯೆ 1851ರ ವೇಳೆಗೆ ಇಪ್ಪತ್ತಮೂರು ಲಕ್ಷಕ್ಕೆ ಏರಿ, ಇಗರ್ಜಿಯ ಅಂಗಳಗಳಲ್ಲಿ ಹೊಸ ಗುಂಡಿ ತೋಡಿದರೆ ಹಳೆಯ ಎಲುಬು ಮೇಲೆ ಬರುವಂತಾಯಿತು. 1832ರ ಕಾಲರಾ ಮಾರಿ ಜನರ ಭಯವನ್ನು ಇಮ್ಮಡಿಗೊಳಿಸಿತು. ಆ ವರ್ಷವೇ ಪಾರ್ಲಿಮೆಂಟಿನ ಅನುಮತಿ ಪಡೆದು, ಮರುವರ್ಷ ಕೆನ್ಸಲ್ ಗ್ರೀನ್ ಎಂಬಲ್ಲಿ ಊರ ಹೊರಗಿನ ಉದ್ಯಾನಸ್ಮಶಾನ ತೆರೆಯಿತು; 1852 ಮತ್ತು 1853ರ ಶಾಸನಗಳು ಬಂದ ಬಳಿಕ ಇಂತಹ ಸ್ಮಶಾನಗಳು ದೇಶದ ತುಂಬ ಹಬ್ಬಿದುವು. ಊರಿನ ಇಗರ್ಜಿಯಿಂದ ದೂರವಾದ ಸ್ಮಶಾನಕ್ಕೆ ತನ್ನದೇ ಆದ ಪ್ರಾರ್ಥನಾಸ್ಥಳ ಬೇಕಾಯಿತು. ಮಳೆಯಲ್ಲಿ, ಹಿಮದಲ್ಲಿ ಬಂಡಿಯಿಂದಿಳಿದ ಬಂಧುಗಳು ಶವಪೆಟ್ಟಿಗೆಯ ಸುತ್ತ ನಿಂತು ಪಾದ್ರಿಯ ಮಂತ್ರಪಾಠವನ್ನು ಕೇಳುವುದಕ್ಕೆ ಒಂದು ಮಾಡು ಬೇಕಷ್ಟೆ. ಸ್ಮಶಾನದ ಪ್ರಾರ್ಥನಾಮಂದಿರ ಹುಟ್ಟಿದ್ದು ಈ ಸರಳವಾದ ಅವಶ್ಯಕತೆಯಿಂದ.

ಅದರ ವಿನ್ಯಾಸವೂ ಆ ಅವಶ್ಯಕತೆಗೆ ತಕ್ಕುದೇ ಆಗಿತ್ತು. ಉದ್ದನೆಯ ಒಂದು ಸಣ್ಣ ಅಂಕಣ, ನಡುವೆ ಪೆಟ್ಟಿಗೆಯನ್ನಿರಿಸುವ ಪೀಠ, ಇಕ್ಕೆಲಗಳಲ್ಲಿ ಆಸನಗಳು, ಕುದುರೆಬಂಡಿ ಬಾಗಿಲವರೆಗೆ ಬಂದು ನಿಲ್ಲುವಂತೆ ಮುಂಗಡೆ ಕಮಾನಿನ ಮೊಗಸಾಲೆ. ರಾಜಮತದ ಇಗರ್ಜಿಗೆ ಸೇರಿದವರಿಗೆ ಬಿಷಪ್ಪನು ಪವಿತ್ರೀಕರಿಸಿದ ಭೂಮಿಯೂ, ಭಿನ್ನಮತದವರಿಗೆ ಪವಿತ್ರೀಕರಿಸದ ಭೂಮಿಯೂ ಬೇರೆಬೇರೆಯಾಗಿ ಇರಬೇಕಾಗಿದ್ದ ಕಾರಣ, ಅನೇಕ ಊರುಗಳಲ್ಲಿ ಒಂದೇ ಅಚ್ಚಿನ ಎರಡು ಮಂದಿರಗಳನ್ನು ಕಟ್ಟಿ, ನಡುವೆ ಬಂಡಿಯ ದಾರಿಯ ಮೇಲೆ ಕಮಾನನ್ನು ಬಾಗಿಸಿ, ಆ ಕಮಾನಿನ ನೆತ್ತಿಯ ಮೇಲೆ ಚೂಪಾದ ಗೋಪುರವನ್ನು ಏರಿಸಿದರು. ಮತಭೇದವೇ ಹೀಗೆ ಕಟ್ಟಡದ ಸೌಷ್ಠವಕ್ಕೆ ಕಾರಣವಾದದ್ದು ವಾಸ್ತುವಿನ ಇತಿಹಾಸದಲ್ಲಿ ಅಪರೂಪವಾದ ಸಂಗತಿ. ಕೆನ್ಸಲ್ ಗ್ರೀನ್‌ನಲ್ಲಿ ರಾಜಮತದವರ ಮಂದಿರವನ್ನು ಗ್ರೀಕ್ ಕಂಬಗಳ ಶೈಲಿಯಲ್ಲಿ ಕಟ್ಟಿ, ಮಂತ್ರಪಾಠ ಮುಗಿಯುತ್ತಲೆ ಪೆಟ್ಟಿಗೆಯು ನೀರಿನೊತ್ತಡದ ಯಂತ್ರದಿಂದ ಮೆಲ್ಲನೆ ಕೆಳಗಿಳಿದು ನೆಲಮಾಳಿಗೆಯನ್ನು ಸೇರುವ ಏರ್ಪಾಡನ್ನು ಮಾಡಿದ್ದರು. ಗ್ರೀಕ್ ಮತ್ತು ಈಜಿಪ್ತಿನ ಅಲಂಕಾರಗಳು ಕ್ರೈಸ್ತರ ಸಮಾಧಿಗೆ ಸಲ್ಲವೆಂದೂ, ಮಧ್ಯಯುಗದ ಚೂಪುಕಮಾನಿನ ಗಾಥಿಕ್ ಶೈಲಿಯೊಂದೇ ಯೋಗ್ಯವೆಂದೂ 1843ರಲ್ಲಿ ಪ್ಯೂಜಿನ್ ಎಂಬ ಶಿಲ್ಪಿ ಪ್ರಖರವಾಗಿ ವಾದಿಸಿದ ಬಳಿಕ, ಈ ಮಂದಿರಗಳು ಬಹುಮಟ್ಟಿಗೆ ಗಾಥಿಕ್ ಆಗಿಯೇ ಉಳಿದುವು. ಆದರೆ ಶೈಲಿ ಯಾವುದೇ ಇರಲಿ, ಶವವು ಅಲ್ಲಿ ಇರುವುದು ಅರ್ಧಗಂಟೆ. ಅದು ಪ್ರಯಾಣದ ನಡುವಣ ತಂಗುದಾಣವೇ ಹೊರತು ನಿಲಯವಲ್ಲ.

ಊರ ಹೊರಗೆ ಗೋಡೆಕಟ್ಟಿದ ವಿಶಾಲವಾದ ರುದ್ರಭೂಮಿ ಇರಬೇಕೆಂಬ ಯೋಚನೆ ಇಂಗ್ಲೆಂಡಿಗೆ ಬಂದ ಹಾದಿಯೂ ನಮಗೆ ಸಂಬಂಧಪಟ್ಟದ್ದೇ. ಮುಂದೆ ಪ್ರಸಿದ್ಧ ಶಿಲ್ಪಿಯಾದ ಜಾನ್ ವ್ಯಾನ್‌ಬ್ರೂ ತನ್ನ ಯೌವನದಲ್ಲಿ, 1680ರ ದಶಕದಲ್ಲಿ, ಸೂರತ್ತಿನ ಕೋಠಿಯಲ್ಲಿ ಕೆಲಸಕ್ಕಿದ್ದನು. ಅಲ್ಲಿಯ ಇಂಗ್ಲಿಷ್ ವರ್ತಕರು ನೆರೆಯ ಮುಸಲ್ಮಾನ ಶ್ರೀಮಂತರನ್ನು ಅನುಸರಿಸಿ ತಮ್ಮವರ ಗೋರಿಗಳ ಮೇಲೆ ಗುಮ್ಮಟಗಳನ್ನು ಕಟ್ಟಿಸಿದ್ದರು. ಆಕ್ಸೆಂಡನ್ ಸಹೋದರರ ಸಮಾಧಿ ಅವುಗಳಲ್ಲಿ ಮುಖ್ಯವಾದದ್ದು. 1711ರಲ್ಲಿ ಲಂಡನ್ನಿನಲ್ಲಿ ಹೊಸ ಇಗರ್ಜಿಗಳನ್ನು ಕಟ್ಟುವ ಮಾತು ಬಂದಾಗ ವ್ಯಾನ್‌ಬ್ರೂ, ಶವಗಳನ್ನು ಊರೊಳಗೆ ಹೂಳದೆ ಸೂರತ್ತಿನ ಇಂಗ್ಲಿಷರಂತೆ ಹೊರಗೆ ಹೂಳಬೇಕೆಂದು ಸಲಹೆ ಮಾಡಿ, ಆ ಸ್ಮಶಾನದ ಚಿತ್ರವನ್ನು ತನ್ನ ಕೈಯಾರೆ ಬರೆದು ತೋರಿಸಿದನು. ಆ ಸಲಹೆ ಫಲಿಸುವುದಕ್ಕೆ ನೂರು ವರ್ಷಗಳ ಮೇಲೆ ಬೇಕಾಯಿತು. ಇಂಗ್ಲೆಂಡಿನ ಉದ್ಯಾನಸ್ಮಶಾನಗಳ ಪೂರ್ವಕಥೆಯಲ್ಲಿ ಭಾರತದ ಗುಮ್ಮಟಕ್ಕೂ ಒಂದು ಪಾತ್ರವುಂಟೆಂಬುದು ಇದರಿಂದ ಸಿದ್ಧವಾಗುತ್ತದೆ.

ವಿಕ್ಟೋರಿಯಾ ಕಾಲದ ಇಂಗ್ಲಿಷನೊಬ್ಬನು ಜೇವರ್ಗಿಯ ಹೊಲಗಳಿಗೂ ಬಂದದ್ದುಂಟು. ಆದರೆ ಅವನು ಮಂದಿರ ಕಟ್ಟುವುದಕ್ಕೆ ಬರದೆ ಗೋರಿ ಅಗೆಯುವುದಕ್ಕೆ ಬಂದನು. ನಿಜಾಮರ ಸೇವೆಯಲ್ಲಿದ್ದು 1841ರಿಂದ 1853ರವರೆಗೆ ಸುರಪುರ ಸಂಸ್ಥಾನದ ಆಡಳಿತವನ್ನು ನೋಡಿಕೊಂಡ ಮೆಡೋಸ್ ಟೇಲರನು, ಭೀಮಾನದಿಯ ಈ ಸೀಮೆಯಲ್ಲಿ ಉರುಟುಗಲ್ಲುಗಳ ವೃತ್ತಗಳನ್ನೂ, ಅವುಗಳ ನಡುವೆ ಪೇರಿಸಿದ ಕಲ್ಲುಗುಪ್ಪೆಗಳನ್ನೂ ಕಂಡು, ಕೆಲವನ್ನು ಅಗೆಯಿಸಿ, ಫಿರೋಜಾಬಾದಿನ ಬಳಿಯ ಜೇವರ್ಗಿಯ ಪ್ರಾಚೀನ ಅವಶೇಷಗಳನ್ನು ಕುರಿತು 1851ರಲ್ಲಿ ಮುಂಬಯಿಯ ಏಷ್ಯಾಟಿಕ್ ಸೊಸೈಟಿಯ ಪತ್ರಿಕೆಯಲ್ಲಿ ಲೇಖನವೊಂದನ್ನು ಪ್ರಕಟಿಸಿದನು. ದಕ್ಷಿಣ ಭಾರತದ ಬೃಹತ್‌ಶಿಲಾ ಸಮಾಧಿಗಳನ್ನು ಕ್ರಮವರಿತು ಅಗೆದು, ಅಡ್ಡಸೀಳಿನ ನಕ್ಷೆ ಬರೆದು, ದೊರೆತ ವಸ್ತುಗಳನ್ನು ದೊರೆತ ಸ್ಥಾನದಲ್ಲಿಯೇ ಗುರುತಿಸಿದ ಮೊದಲಿಗರಲ್ಲಿ ಅವನೊಬ್ಬನು. ಆ ಕಾಲದಲ್ಲಿ ಗೋರಿ ಅಗೆಯುವವರು ಬಹುಮಂದಿ ನಿಧಿಗಾಗಿ ಅಗೆಯುತ್ತಿದ್ದರೆಂಬುದನ್ನು ನೆನೆದರೆ, ಈ ಶಿಸ್ತು ಗೌರವಕ್ಕೆ ಪಾತ್ರವಾದದ್ದು.

ಆ ಸಮಾಧಿಗಳ ರಚನೆಯನ್ನು ಸ್ವಲ್ಪ ಸಮೀಪದಿಂದ ನೋಡಬೇಕು. ನೆಲದಲ್ಲಿ ಆಳವಾಗಿ ತೋಡಿದ ಗುಂಡಿಯೊಳಗೆ ನಾಲ್ಕು ಚಪ್ಪಡಿಗಳನ್ನು ನಿಲ್ಲಿಸಿ ಪೆಟ್ಟಿಗೆಯಂತೆ ಜೋಡಿಸುವುದು ಒಂದು ಬಗೆ. ಚಪ್ಪಡಿಯಿಲ್ಲದ ಬರಿಯ ಗುಂಡಿಯ ಮೇಲೆ ಕಲ್ಲು ಪೇರಿಸುವುದು ಇನ್ನೊಂದು. ಒಳಗೆ ಅಸ್ಥಿಗಳು, ಕಬ್ಬಿಣದ ಭರ್ಜಿಯ ಅಲಗುಗಳು, ಒಳಮೈಯೂ ಕಂಠವೂ ಕಪ್ಪಾಗಿ ಹೊರಮೈ ಕೆಂಪಾಗಿರುವ ಮಡಕೆಗಳು. ಮಡಕೆಯನ್ನು ಬೋರಲಾಗಿ ಹುದುಗಿಸಿ ಸುಟ್ಟಾಗ ಗಾಳಿಯಾಡದ ಭಾಗ ಕಪ್ಪಾಗಿಯೂ, ಗಾಳಿಗೆ ತೆರೆದ ಭಾಗ ಕೆಂಪಾಗಿಯೂ ಬರುತ್ತದೆ. ಎರಡು ಬಣ್ಣವನ್ನು ಒಂದೇ ಆವಿಗೆಯಲ್ಲಿ ತೆಗೆಯುವ ಆ ಕುಂಬಾರರ ಜಾಣ್ಮೆ ಸಾಮಾನ್ಯವಾದುದಲ್ಲ. ಸುರಪುರ ಸೀಮೆಯ ರಾಜನಕೊಳೂರಿನಲ್ಲಿ ಟೇಲರನು ಕಂಡ ಕಲ್ಮನೆಗಳು ನೆಲದ ಮೇಲೆಯೇ ನಿಂತಿದ್ದು, ಒಂದು ಪಕ್ಕದ ಚಪ್ಪಡಿಯಲ್ಲಿ ದುಂಡಾದ ರಂಧ್ರವನ್ನು ಕೊರೆದದ್ದುಂಟು. ಇಂಗ್ಲೆಂಡಿನಲ್ಲಿಯೂ ಫ್ರಾನ್ಸಿನಲ್ಲಿಯೂ ಇಂಥವನ್ನೇ ಕಂಡಿದ್ದ ವಿದ್ವಾಂಸರಂತೆ ಟೇಲರನೂ ಇವನ್ನು ಕೆಲ್ಟರ ಅಥವಾ ಸಿಥಿಯನರ ಕೃತಿಯೆಂದು ಊಹಿಸಿದನು. ಆ ಊಹೆ ನಿಲ್ಲಲಿಲ್ಲ. ಇವು ಕ್ರಿಸ್ತಪೂರ್ವ ಮೊದಲ ಸಹಸ್ರಮಾನದ, ಕಬ್ಬಿಣವನ್ನು ಬಲ್ಲ ಇಲ್ಲಿಯ ಜನರದೇ ಸಮಾಧಿಗಳೆಂದು ಮುಂದಿನ ಸಂಶೋಧನೆ ಸಾಧಿಸಿದೆ. ಮೃತನಿಗೆ ಶಾಶ್ವತವಾದ ಕಲ್ಲಿನ ಮನೆ ಬೇಕು, ಅವನ ಬಳಿ ಅನ್ನದ ಮಡಕೆಯೂ ಆಯುಧವೂ ಇರಬೇಕು ಎಂಬ ಭಾವನೆ, ಗುಮ್ಮಟ ಮೂಡುವುದಕ್ಕೆ ಸಾವಿರದೈನೂರು ವರ್ಷ ಮೊದಲೇ ಜೇವರ್ಗಿಯ ಮಣ್ಣಿನಲ್ಲಿ ಇತ್ತೆಂಬುದಿಷ್ಟೇ ನಮ್ಮ ಪ್ರಕೃತಕ್ಕೆ ಬೇಕಾದದ್ದು.

ಗುಮ್ಮಟಗಳು ಬಂದದ್ದು 1347ರಲ್ಲಿ ಸ್ಥಾಪಿತವಾದ ಬಹಮನಿ ರಾಜ್ಯದೊಂದಿಗೆ. ಮೊದಲ ಸುಲ್ತಾನನಾದ ಅಲ್ಲಾವುದ್ದೀನ್ ಹಸನ್ ಬಹಮನ್ ಷಹನು 1358ರಲ್ಲಿ ತೀರಿಕೊಂಡಾಗ ಅವನಿಗೆ ಕಲಬುರಗಿಯ ಕೋಟೆಯ ಹೊರಗೆ ಎಬ್ಬಿಸಿದ ಸಮಾಧಿ ದೆಹಲಿಯ ತುಘಲಕರ ರೀತಿಯನ್ನು ಅನುಸರಿಸಿದ್ದು: ಚೌಕವಾದ ತಳ, ಮೇಲಕ್ಕೆ ಹೋದಂತೆ ಒಳಕ್ಕೆ ವಾಲುವ ದಪ್ಪ ಗೋಡೆ, ತಲೆಯ ಮೇಲೆ ತೆನೆಗಳ ಸಾಲು, ತಗ್ಗಾದ ಗುಮ್ಮಟ. ಊರ ಮೂಡಲಿಗೆ ಹಫ್ತ್ ಗುಂಬಜ್ ಎಂದು ಪ್ರಸಿದ್ಧವಾದ ಸಮಾಧಿಗಳ ಗುಂಪಿನಲ್ಲಿ ನಡೆದುಕೊಂಡು ಹೋದರೆ, 1378ರಲ್ಲಿ ಕೊಲೆಯಾದ ಮುಜಾಹಿದ್ ಷಹನ ಬೋಳುಗುಮ್ಮಟದಿಂದ ಹಿಡಿದು 1422ರಲ್ಲಿ ಮಡಿದ ಫಿರೋಜ್ ಷಹನ ಅಲಂಕೃತವಾದ ಜೋಡುಗುಮ್ಮಟದವರೆಗೆ, ಅರ್ಧ ಶತಮಾನಕ್ಕೂ ಕಡಿಮೆ ಅವಧಿಯಲ್ಲಿ ಒಂದು ಶೈಲಿ ಹೇಗೆ ತನ್ನ ಕಾಲಮೇಲೆ ನಿಂತಿತೆಂಬುದು ಕಣ್ಣಿಗೆ ಕಟ್ಟುತ್ತದೆ. ಫಿರೋಜ್ ಷಹನ ಸಮಾಧಿಯ ಹೊರಗೋಡೆ ಎರಡು ಅಂತಸ್ತಿನ ಕಮಾನುಗಳಾಗಿ ಒಡೆದುಕೊಂಡು, ತನ್ನ ಭಾರವನ್ನೆಲ್ಲ ನೆರಳು ಬೆಳಕುಗಳಲ್ಲಿ ಹಗುರಮಾಡಿಕೊಂಡಿದೆ. ಬಾಗಿಲಿನ ಮೇಲೆ ಚಾಚಿದ ಸೂರೂ ಅದನ್ನು ಹೊತ್ತ ಕಲ್ಲಿನ ಮದಲೆಗಳೂ ಗುಡಿ ಕಟ್ಟುವವರ ಕೈಯ ಕೆಲಸವೆಂಬುದನ್ನು ನೋಡುತ್ತಲೆ ಹೇಳಬಹುದು. ಭೀಮೆಯ ಮೂಡಣ ದಂಡೆಯಲ್ಲಿ, ಜೇವರ್ಗಿಗೆ ಎದುರಾಗಿ, ಫಿರೋಜಾಬಾದ್ ಎಂಬ ಹೊಸ ಅರಮನೆಪಟ್ಟಣವನ್ನು ಕಟ್ಟಿಸಿದವನೂ ಇವನೇ. ಅವನ ಸಮಾಧಿಯಲ್ಲಿ ಗಚ್ಚುಗಾರೆಯಿಂದ ಕಮಾನಿನ ಅಂಚುಗಳ ಮೇಲೆ ಕೊರೆದ ಪಟ್ಟಿಕೆ, ಪದಕ, ಬಳ್ಳಿಗಳನ್ನು ನೋಡಿದವರಿಗೆ ಈ ಸುಲ್ತಾನನ ರಸಿಕತೆಯನ್ನು ಬೇರೆ ಹೇಳಬೇಕಾಗಿಲ್ಲ.

ಗುಮ್ಮಟದೊಳಗೆ ಹೊಕ್ಕು ತಲೆಯೆತ್ತಿ ನೋಡಿದಾಗ ಕಾಣುವ ಮುಖ್ಯ ಸಮಸ್ಯೆ ಇದು: ಕೆಳಗೆ ನಾಲ್ಕು ಗೋಡೆಗಳ ಚೌಕ, ಮೇಲೆ ವೃತ್ತಾಕಾರದ ಗುಮ್ಮಟ, ಇವೆರಡನ್ನು ಕೂಡಿಸುವುದು ಹೇಗೆ? ಚೌಕದ ನಾಲ್ಕು ಮೂಲೆಗಳಿಗೂ ಅಡ್ಡಲಾಗಿ ಒಂದೊಂದು ಕಮಾನನ್ನು ಬಿಗಿದರೆ ಚೌಕವು ಎಂಟು ಮೂಲೆಯದಾಗುತ್ತದೆ. ಎಂಟು ಮೂಲೆಗಳಿಗೆ ಮತ್ತೆ ಚಿಕ್ಕ ಚಾಚುಗಳನ್ನು ಕೊಟ್ಟರೆ ಹದಿನಾರಾಗುತ್ತದೆ. ಹದಿನಾರು ಮೂಲೆಗೂ ವೃತ್ತಕ್ಕೂ ಇರುವ ಅಂತರವನ್ನು ಗಾರೆಯೇ ತುಂಬುತ್ತದೆ. ಭಾರವೆಲ್ಲ ಮೂಲೆಯ ಕಮಾನುಗಳ ಮೂಲಕ ಇಳಿದು ಗೋಡೆಗೆ ಸೇರುವುದಲ್ಲದೆ, ಗುಮ್ಮಟವು ಸುತ್ತಲೂ ಹೊರಕ್ಕೆ ತಳ್ಳುವುದರಿಂದ ಗೋಡೆ ದಪ್ಪವಾಗಿಯೂ ವಾಲಿಕೆಯಾಗಿಯೂ ಇರಬೇಕಾಗುತ್ತದೆ. ಗಾಥಿಕ್ ಮಂದಿರದವರು ಇದೇ ತಳ್ಳಿಕೆಯನ್ನು ಹೊರಗೆ ಆನಿಸಿದ ಊರೆಗೋಡೆಗಳಿಗೆ ಒಪ್ಪಿಸಿ, ನಡುವಿನ ಗೋಡೆಯನ್ನು ತೆರೆದು, ಬಣ್ಣದ ಗಾಜಿನ ಉದ್ದನೆಯ ಕಿಟಕಿಗಳನ್ನಿಟ್ಟರು. ಮಂಜು ಕವಿದ ದೇಶದಲ್ಲಿ ಬೆಳಕನ್ನು ಕರೆಯಬೇಕು. ನಮ್ಮ ವೈಶಾಖದ ಬಿಸಿಲಿನಲ್ಲಿ ಬೆಳಕನ್ನು ತಡೆಯಬೇಕು. ಕಲಬುರಗಿಯ ಕಪ್ಪುನೆಲ ಕಾದು ಬಿರಿಯುವ ಮಧ್ಯಾಹ್ನ ಹಫ್ತ್ ಗುಂಬಜಿನ ಒಳಗೆ ಕಾಲಿಟ್ಟವನಿಗೆ, ಆ ದಪ್ಪಗೋಡೆಯ ಅರ್ಥ ಯಾವ ಗ್ರಂಥಕ್ಕಿಂತಲೂ ಚೆನ್ನಾಗಿ ಮೈಗೇ ತಿಳಿಯುತ್ತದೆ.

ದೇಹವಿರುವ ದಿಕ್ಕೂ ಕಟ್ಟಡವನ್ನು ಆಳುತ್ತದೆ. ಕ್ರೈಸ್ತನನ್ನು ಪೂರ್ವಕ್ಕೆ ಪಾದವಿಟ್ಟು ಮಲಗಿಸುತ್ತಾರೆ. ಮಂದಿರದ ಪೂಜಾಪೀಠವೂ ಸಾಮಾನ್ಯವಾಗಿ ಪೂರ್ವದ ಕೊನೆಯಲ್ಲಿಯೇ ಇರುತ್ತದೆ. ಇಲ್ಲಿಯ ಮುಸಲ್ಮಾನನ ಶಿರಸ್ಸು ಉತ್ತರಕ್ಕೆ, ಮುಖ ಪಶ್ಚಿಮದ ಮಕ್ಕೆಯ ಕಡೆಗೆ. ಗೋರಿ ಉತ್ತರ ದಕ್ಷಿಣವಾಗಿ ಚಾಚಿರುವುದರಿಂದ ಪಡುವಣ ಗೋಡೆ ಪ್ರಾರ್ಥನೆಯ ಗೂಡಿಗೆ ಮೀಸಲಾಗಿ, ದಕ್ಷಿಣದ ಬಾಗಿಲು ಬಹುತೇಕ ಪ್ರಧಾನವಾಗುತ್ತದೆ. ಬಂದವನು ಮೃತನ ಪಾದದ ಬಳಿ ಮೊದಲು ನಿಲ್ಲುತ್ತಾನೆ. ಇನ್ನು ಜನಾಜೆಯ ನಮಾಜು ಗುಮ್ಮಟದೊಳಗೆ ನಡೆಯತಕ್ಕದ್ದಲ್ಲ. ಅದು ಬಯಲಿನಲ್ಲಿ, ಸಾಲಾಗಿ ನಿಂತು, ಕೆಲವೇ ನಿಮಿಷಗಳಲ್ಲಿ ಮುಗಿಯುವಂಥದು. ಇಂಗ್ಲೆಂಡಿನವರಿಗೆ ಬೇಕಾಗಿದ್ದ ಮಾಡು ನಮ್ಮ ಹವೆಗೂ ಈ ವಿಧಿಗೂ ಬೇಕಾಗಿರಲಿಲ್ಲ. ಇಲ್ಲಿಯ ಕಟ್ಟಡವು ಬೀಳ್ಕೊಡುಗೆಗಾಗಿ ಅಲ್ಲ, ಬೀಳ್ಕೊಡುಗೆಯ ಮರುದಿನದಿಂದ ಆರಂಭವಾಗುವ ಸಂಬಂಧಕ್ಕಾಗಿ ಎದ್ದದ್ದು.

ಸುಲ್ತಾನರ ಗುಮ್ಮಟಗಳಲ್ಲಿ ಈ ಸಂಬಂಧ ಬಹುಬೇಗ ಕಡಿಯಿತು. ಸಂತರದ್ದು ಕಡಿಯಲಿಲ್ಲ. ಫಿರೋಜ್ ಷಹನು ಸತ್ತ ವರ್ಷದಲ್ಲಿಯೇ, 1422ರಲ್ಲಿ, ಕಲಬುರಗಿಯ ಸಂತರಾದ ಖ್ವಾಜಾ ಬಂದೇ ನವಾಜರೂ ದೇಹಬಿಟ್ಟರು. ಅರಸನ ಸಮಾಧಿ ಪುರಾತತ್ತ್ವ ಇಲಾಖೆಯ ರಕ್ಷಣೆಯಲ್ಲಿದ್ದು ನೋಡುವವರಿಗಾಗಿ ಕಾದಿದೆ. ಸಂತನ ದರ್ಗಾದಲ್ಲಿ ಗಲೀಫು, ಹೂವು, ಊದಿನಕಡ್ಡಿಗಳ ವ್ಯಾಪಾರ ಒಂದು ದಿನವೂ ನಿಂತಿಲ್ಲ. ಎರಡಕ್ಕೂ ಎರಡಂತಸ್ತಿನ ಕಮಾನುಗೋಡೆ, ಎರಡಕ್ಕೂ ಗುಮ್ಮಟ. ಆದರೆ ಸಂತನ ಗುಮ್ಮಟದ ಸುತ್ತ ಮಕ್ಕಳ ಮೊಮ್ಮಕ್ಕಳ ಗೋರಿಗಳು, ವಿದ್ಯಾಶಾಲೆ, ಬಿಜಾಪುರದ ಸೇನಾನಿ ಅಫಜಲಖಾನನ ಹೆಸರಿನ ಮಸೀದಿ, ಪ್ರಾಣಿಚಿತ್ರಗಳ ಪದಕಗಳಿಂದ ಅಲಂಕೃತವಾದ ಭಾರಿ ಕಮಾನು, ಇವೆಲ್ಲ ಒಂದರಮೇಲೊಂದು ಶತಮಾನದಲ್ಲಿ ಸೇರಿಕೊಂಡು ಒಂದು ಊರೇ ಬೆಳೆದಿದೆ. ಆಳಂದದಲ್ಲಿ ಲಾಡ್ಲೆ ಮಶಾಯಕರೆಂದು ಜನ ಕರೆಯುವ ಅಲ್ಲಾವುದ್ದೀನ್ ಅನ್ಸಾರಿಯವರ ದರ್ಗಾದ ಉರುಸಿಗೆ ಕೂಡುವ ಜನರಲ್ಲಿಯೂ ಇದೇ ಸಂಬಂಧ ಕಾಣಬರುತ್ತದೆ. ಅದೇ ಆವರಣದಲ್ಲಿ ರಾಘವ ಚೈತನ್ಯರ ಹೆಸರಿನ ಶಿವಲಿಂಗಕ್ಕೂ ಪೂಜೆಯುಂಟು.

ಆಳಂದ ತಾಲ್ಲೂಕಿನ ಮಾಡಿಯಾಳಕ್ಕೂ ಬೀದರದ ಸಮೀಪದ ಅಷ್ಟೂರಿನ ಗುಮ್ಮಟಕ್ಕೂ ಇರುವ ನಂಟನ್ನು ಇಲ್ಲಿ ಹೇಳದೆ ಮುಂದೆ ಹೋಗಲಾರೆ. ರಾಜಧಾನಿಯನ್ನು ಕಲಬುರಗಿಯಿಂದ ಬೀದರಕ್ಕೆ ಒಯ್ದ ಅಹಮದ್ ಷಹನು 1436ರಲ್ಲಿ ತೀರಿಕೊಂಡು ಅಷ್ಟೂರಿನಲ್ಲಿ ಸಮಾಧಿಯಾದನು. ಹೊರಗೆ ಗಂಭೀರವಾಗಿ ಬೋಳಾಗಿರುವ ಆ ಗುಮ್ಮಟದ ಒಳಮೈಯೆಲ್ಲ ಹೊಂಬಣ್ಣ, ಕುಂಕುಮವರ್ಣಗಳ ಅಕ್ಷರಚಿತ್ರಗಳಿಂದ ತುಂಬಿದೆ. ಮುಸಲ್ಮಾನರಿಗೆ ಅವನು ವಲಿ. ಲಿಂಗಾಯತರಿಗೆ ಅಲ್ಲಮಪ್ರಭುವಿನ ಅವತಾರ. ವರ್ಷವರ್ಷವೂ ಜಾತ್ರೆಗೆ ಮಾಡಿಯಾಳದ ಜಂಗಮರು ಪರಿವಾರಸಮೇತರಾಗಿ ಕಾಲ್ನಡೆಯಲ್ಲಿ ಬೀದರಕ್ಕೆ ಹೋಗಿ, ಗೋರಿಯ ಮುಂದೆ ಕಾಯಿ ಒಡೆದು ಹೂವೇರಿಸುವ ಪದ್ಧತಿಯನ್ನು ಗುಲಾಮ್ ಯಾಜ್ದಾನಿಯವರು 1947ರಲ್ಲಿ ಪ್ರಕಟವಾದ ತಮ್ಮ ಬೀದರದ ಗ್ರಂಥದಲ್ಲಿ ದಾಖಲಿಸಿದ್ದಾರೆ. ಎರಡು ಮತಗಳಿಗಾಗಿ ಎರಡು ಮಂದಿರಗಳನ್ನು ಕಟ್ಟಬೇಕಾಗಿ ಬಂದ ಇಂಗ್ಲೆಂಡಿನ ಸ್ಮಶಾನಗಳನ್ನು ನೆನೆದಾಗ, ಎರಡು ಮತದವರು ಎರಡು ಹೆಸರಿನಿಂದ ಒಂದೇ ಗುಮ್ಮಟದೊಳಕ್ಕೆ ನಡೆದುಬರುವ ಈ ಪದ್ಧತಿ ನನ್ನ ಪಾಲಿಗೆ ನಮ್ಮ ಸೀಮೆಯ ಅತ್ಯುತ್ತಮವಾದ ಆಸ್ತಿಗಳಲ್ಲೊಂದು.

ಭೀಮೆಗೂ ಅಮರಜೆಗೂ ಸಂಗಮವಾದ ಅಫಜಲಪುರ ತಾಲ್ಲೂಕಿನ ಗಾಣಗಾಪುರ ಇದಕ್ಕೆಲ್ಲ ಅಪವಾದ. ಆಳಂದದ ಕಡೆಯಿಂದ ಹರಿದುಬರುವ ಅಮರಜೆ ಸೇರುವ ಆ ಊರಿನಲ್ಲಿ ದತ್ತಾವತಾರಿಗಳೆನಿಸಿದ ನರಸಿಂಹ ಸರಸ್ವತಿಯವರು ಬಹುಕಾಲ ನೆಲೆಸಿದ್ದು, ಕೊನೆಗೆ ಶ್ರೀಶೈಲದ ಕದಳೀವನಕ್ಕೆ ಹೊರಟುಹೋದರೆಂದು ಪರಂಪರೆ ಹೇಳುತ್ತದೆ. ಹಿಂದೆ ಉಳಿದುವು ನಿರ್ಗುಣಪಾದುಕೆಗಳು. ದೇಹವಿಲ್ಲದ ಕಾರಣ ಸಮಾಧಿಯಿಲ್ಲ. ಸಮಾಧಿಯಿಲ್ಲದ ಕಾರಣ ಗೋರಿಯ ಉದ್ದಗಲಗಳಿಗೆ ಕಟ್ಟುಬಿದ್ದ ಕೋಣೆಯೂ ಇಲ್ಲ. ಭಕ್ತರು ಮಠದ ಒಳಗೋಡೆಯ ಚಿಕ್ಕ ಕಿಂಡಿಯೊಂದರ ಮೂಲಕ ಪಾದುಕೆಗಳ ದರ್ಶನ ಪಡೆಯುತ್ತಾರೆ. ಹೋದವರ ಗುರುತು ಇಷ್ಟು ಸಾಕೆಂದು ಆ ವಾಸ್ತು ತೀರ್ಮಾನಿಸಿಬಿಟ್ಟಿದೆ.

ಗದ್ದುಗೆಯ ವಿಚಾರ ಬೇರೆ. ಅಲ್ಲಿ ದೇಹವುಂಟು, ಆದರೆ ಅದು ಮಲಗಿಲ್ಲ. ಲಿಂಗೈಕ್ಯನಾದ ಶರಣನನ್ನು ಪದ್ಮಾಸನದಲ್ಲಿ ಕೂರಿಸಿ, ಎಡಗೈಯಲ್ಲಿ ಇಷ್ಟಲಿಂಗವನ್ನಿಟ್ಟು, ಮೆಟ್ಟಿಲಾಗಿ ಇಳಿಯುವ ಗುಂಡಿಯ ಒಂದು ಮಗ್ಗುಲಲ್ಲಿ ಕೊರೆದ ಗೂಡಿನೊಳಗೆ ಸೇರಿಸಿ, ವಿಭೂತಿಯಿಂದಲೂ ಬಿಲ್ವಪತ್ರೆಯಿಂದಲೂ ಮುಚ್ಚುವುದು ಕ್ರಿಯಾಸಮಾಧಿಯ ಕ್ರಮ. ಮಲಗಿದ ದೇಹಕ್ಕೆ ಉದ್ದನೆಯ ಗೋರಿ ಬೇಕು; ಕುಳಿತ ದೇಹಕ್ಕೆ ಚೌಕವಾದ ಚಿಕ್ಕ ಎಡೆ ಸಾಕು. ಅದುಕಾರಣ ಸಮಾಧಿಯ ಮೇಲಣ ಗರ್ಭಗುಡಿ ಗುಡಿಯ ಗರ್ಭಗುಡಿಯಂತೆಯೇ ಸಣ್ಣದಾಗಿ ಉಳಿದು, ಲಿಂಗವನ್ನೋ ಬೆಳ್ಳಿಯ ಮುಖವಾಡವನ್ನೋ ಧರಿಸಿ, ಪೂಜಾಸ್ಥಾನವಾಗುವುದಕ್ಕೆ ಯಾವ ತೊಡಕೂ ಬರುವುದಿಲ್ಲ. ಜೇವರ್ಗಿ ತಾಲ್ಲೂಕಿನ ಅರಳಗುಂಡಗಿಯಲ್ಲಿ ಹುಟ್ಟಿ, ದಾಸೋಹದಿಂದ ಹೆಸರಾಗಿ, ಕಲಬುರಗಿಯಲ್ಲಿ 1822ರಲ್ಲಿ ಲಿಂಗೈಕ್ಯರಾದ ಶರಣಬಸವೇಶ್ವರರ ದೇವಾಲಯ ಇದಕ್ಕೆ ಈ ಸೀಮೆಯ ಶ್ರೇಷ್ಠವಾದ ನಿದರ್ಶನ. ಒಳಗೆ ಶರಣರೂ ಅವರ ಗುರುಗಳಾದ ಮರುಳಾರಾಧ್ಯರೂ ಜೊತೆಯಾಗಿರುವ ಬೆಳ್ಳಿಯ ಜೋಡುಮೂರ್ತಿ. ಹೊರಗೆ ಕೆತ್ತನೆಯ ಕಂಬಗಳ ವಿಶಾಲವಾದ ಸಭಾಮಂಟಪ. ಆ ಕಂಬಗಳ ನಡುವೆ ಬಾಗಿದ ಕಮಾನುಗಳನ್ನು ದರ್ಗಾದ ಕಮಾನುಗಳ ಪಕ್ಕದಲ್ಲಿಟ್ಟು ನೋಡಬೇಕು: ಗುಮ್ಮಟದ ಬಾಗಿಲಿಗೆ ಗುಡಿಯ ಮದಲೆಗಳನ್ನು ಕೊಟ್ಟ ಕಲ್ಲುಕುಟಿಗರ ವಂಶವೇ ನಾಲ್ಕು ಶತಮಾನಗಳ ಬಳಿಕ ಗುಡಿಯ ಮಂಟಪಕ್ಕೆ ಗುಮ್ಮಟದ ಕಮಾನನ್ನು ತಂದುಕೊಟ್ಟಂತೆ ತೋರುತ್ತದೆ. ಸಮಾಧಿಯು ಕೇಳುವ ಸ್ಥಳ ಅಲ್ಪ. ಪುರಾಣ ಕೇಳುವುದಕ್ಕೆ, ಭಜನೆಗೆ, ದಾಸೋಹದ ಪಂಕ್ತಿಗೆ, ಹೋಳಿಹುಣ್ಣಿಮೆಯಾದ ಮೇಲೆ ತೇರೆಳೆಯುವುದಕ್ಕೆ ಆಳಂದ, ಅಫಜಲಪುರ, ಜೇವರ್ಗಿಗಳಿಂದ ಬಂಡಿ ಕಟ್ಟಿಕೊಂಡು ಬರುತ್ತಿದ್ದ, ಈಗ ಬಸ್ಸು ಟ್ರ್ಯಾಕ್ಟರುಗಳಲ್ಲಿ ಬರುವ ಜನಕ್ಕೆ ಬೇಕಾದ ಸ್ಥಳ ಬಹಳ. ಆ ದೇವಾಲಯದಲ್ಲಿ ಗರ್ಭಗುಡಿ ಅಷ್ಟು ಕಿರಿದಾಗಿಯೂ ಮಂಟಪವೂ ಅಂಗಳವೂ ಅಷ್ಟು ಹಿರಿದಾಗಿಯೂ ಇರುವುದು ಈ ಲೆಕ್ಕದಿಂದಲೇ.